ಮುದ್ದೆಯೂ ಬೇಳೆಯೂ: ಸಸ್ಯಾಹಾರದಲ್ಲಿ ಪಿಷ್ಟ–ಸಸಾರಜನಕಗಳ ಪ್ರಮಾಣ ವಿಚಾರ



ಯಾವ ಹಿರಿಯರ ಪುಣ್ಯಸ್ಮರಣೆಗಾಗಿ ಈ ದತ್ತಿಯು ಏರ್ಪಟ್ಟಿದೆಯೋ ಅವರು ಮಂಡ್ಯದ ಸೀಮೆಯಲ್ಲಿ ಬಹುಕಾಲ ವೈದ್ಯವೃತ್ತಿಯನ್ನು ನಡೆಸಿದವರು, ಔಷಧದ ಚೀಟಿಯ ಕೆಳಗೆ ರೋಗಿಯು ಏನನ್ನು, ಎಷ್ಟು, ಯಾವುದರೊಡನೆ ಉಣ್ಣಬೇಕೆಂಬುದನ್ನೂ ಬರೆದುಕೊಡುತ್ತಿದ್ದವರು. ಅಂಥವರ ಹೆಸರಿನಲ್ಲಿ ಅನ್ನದ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿರುವುದು ನನ್ನ ಪಾಲಿಗೆ ದೊಡ್ಡ ಗೌರವ.

ವಿಷಯದ ಪ್ರಾಥಮಿಕ ಭಾಗವನ್ನು ನಾನು ವಿಸ್ತರಿಸುವುದಿಲ್ಲ. ಶರ್ಕರಪಿಷ್ಟವು ದೇಹಕ್ಕೆ ಶಕ್ತಿಯನ್ನೂ ಸಸಾರಜನಕವು ಕಟ್ಟಡವನ್ನೂ ಒದಗಿಸುತ್ತವೆ. ಸಸಾರಜನಕವು ಅಮೈನೋ ಆಮ್ಲಗಳೆಂಬ ಘಟಕಗಳಿಂದಾದದ್ದು. ಅವುಗಳಲ್ಲಿ ಒಂಬತ್ತನ್ನು ದೇಹವು ತಾನೇ ತಯಾರಿಸಿಕೊಳ್ಳಲಾರದೆ ಅನ್ನದಿಂದಲೇ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗ್ರಾಂಗೆ, 0.83 ಗ್ರಾಂ ಸಸಾರಜನಕವನ್ನು ವಿಧಿಸಿದೆ. ಇವೆಲ್ಲ ಶಾಲಾಪುಸ್ತಕಗಳಲ್ಲಿಯೇ ದೊರೆಯುವ ಸಂಗತಿಗಳು. ಹಾಲನ್ನೂ ವರ್ಜಿಸಿದ ಶುದ್ಧ ಸಸ್ಯಾಹಾರಿಗಳು ಬಿ-12 ಜೀವಸತ್ವವನ್ನು ಹೊರಗಿನಿಂದ ಪಡೆಯಲೇಬೇಕೆಂಬುದೂ ನಿರ್ವಿವಾದ. ಅದನ್ನು ಹೇಳಿ ಮುಂದೆ ಸಾಗುತ್ತೇನೆ.

ನಾನು ಮಾತನಾಡಬೇಕೆಂದಿರುವುದು ಒಂದೇ ಒಂದು ಅಮೈನೋ ಆಮ್ಲದ ವಿಷಯವಾಗಿ, ಅದು ಲೈಸೀನು. ಸಸ್ಯಾಹಾರದ ಸಮತೋಲವೆಲ್ಲ ಈ ಒಂದು ಕೀಲಿನ ಮೇಲೆ ತಿರುಗುತ್ತದೆ. ರಾಗಿಯ ಒಂದು ಗ್ರಾಂ ಸಸಾರಜನಕದಲ್ಲಿ ಸುಮಾರು 28 ಮಿಲಿಗ್ರಾಂ ಲೈಸೀನು ಇದ್ದರೆ, ಅಕ್ಕಿಯಲ್ಲಿ 37, ತೊಗರಿಬೇಳೆಯಲ್ಲಿ 70, ಹಾಲಿನಲ್ಲಿ 78ರಷ್ಟು ಇರುತ್ತದೆ. ಧಾನ್ಯದಲ್ಲಿ ಕಡಿಮೆಯಾದದ್ದನ್ನು ದ್ವಿದಳ ತುಂಬುತ್ತದೆ. ದ್ವಿದಳದಲ್ಲಿ ಕೊರತೆಯಾದ ಮೀಥಿಯೋನೀನೆಂಬ ಅಮೈನೋ ಆಮ್ಲವನ್ನು ಧಾನ್ಯವು, ಅದರಲ್ಲಿಯೂ ರಾಗಿಯು, ಉದಾರವಾಗಿ ಕೊಡುತ್ತದೆ. ಈ ಪರಸ್ಪರ ಪೂರಕತೆಯನ್ನು 1971ರಲ್ಲಿ ಅಮೆರಿಕದ ಫ್ರಾನ್ಸಿಸ್ ಮೂರ್ ಲಾಪೆಯವರು ಜನಪ್ರಿಯಗೊಳಿಸಿ, ಪ್ರತಿಯೊಂದು ಊಟದಲ್ಲಿಯೂ ಎರಡನ್ನೂ ತೂಗಿ ಬೆರೆಸಬೇಕೆಂಬ ಭಾವನೆಗೆ ಕಾರಣರಾದರು. ಹತ್ತು ವರ್ಷಗಳ ತರುವಾಯ, 1981ರ ಆವೃತ್ತಿಯಲ್ಲಿ, ಆ ಕಟ್ಟುಪಾಡು ಅನಾವಶ್ಯಕವೆಂದು ಅವರೇ ಸ್ಪಷ್ಟಪಡಿಸಿದರು. ಮಧ್ಯಾಹ್ನದ ಮುದ್ದೆಗೆ ರಾತ್ರಿಯ ಹೆಸರುಕಾಳು ಜೊತೆಯಾಗಬಲ್ಲದು. ಇಡೀ ದಿನದ ಲೆಕ್ಕ ಸರಿಹೋದರೆ ಸಾಕು. ಈ ವಿವಾದ ಮುಗಿದಿದೆ. ಮುಗಿಯದಿರುವುದು ಇನ್ನೊಂದು, ಈ ಉಪನ್ಯಾಸದ ಬಹುಭಾಗವನ್ನು ನಾನು ಮೀಸಲಿಟ್ಟಿರುವುದು ಅದಕ್ಕೇ.

ಕಳೆದ ಶತಮಾನದ ಮಧ್ಯಭಾಗದಲ್ಲಿ ಲೋಕದ ಪೋಷಣಶಾಸ್ತ್ರಜ್ಞರನ್ನೆಲ್ಲ ‘ಸಸಾರಜನಕದ ಕ್ಷಾಮ’ವೆಂಬ ಭೀತಿ ಆವರಿಸಿತ್ತು. ನಮ್ಮ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು, ಡಾ. ವಿ. ಸುಬ್ರಹ್ಮಣ್ಯನ್ ಅವರ ನಾಯಕತ್ವದಲ್ಲಿ, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟನ್ನು ಮುಕ್ಕಾಲು ಪಾಲೂ ಕಡಲೆಹಿಟ್ಟನ್ನು ಕಾಲು ಪಾಲೂ ಬೆರೆಸಿ ಬಹೂಪಯೋಗಿ ಆಹಾರವನ್ನು ರೂಪಿಸಿದ್ದು ಈ ಕಾಲದಲ್ಲಿಯೇ. ಅನಂತರ ಗಾಳಿ ತಿರುಗಿತು. ಕ್ವಾಷಿಯೋರ್ಕರ್ ಮತ್ತು ಮರಾಸ್ಮಸ್ ಎಂಬ ಶಿಶುರೋಗಗಳೆರಡೂ ಒಂದೇ ಬಗೆಯ ಅಲ್ಪಾಹಾರದಿಂದ ಹುಟ್ಟುತ್ತವೆಂದು ಹೈದರಾಬಾದಿನ ಡಾ. ಸಿ. ಗೋಪಾಲನ್ ಪ್ರತಿಪಾದಿಸಿದರು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಂಖ್ಯಾಶಾಸ್ತ್ರ ವಿಭಾಗವನ್ನು ನಡೆಸಿದ್ದ ಪಿ. ವಿ. ಸುಖಾತ್ಮೆಯವರು, ಭಾರತೀಯನು ತನ್ನ ವಾಡಿಕೆಯ ಧಾನ್ಯ–ಬೇಳೆಗಳ ಊಟವನ್ನು ಹೊಟ್ಟೆತುಂಬ ಉಂಡದ್ದಾದರೆ ಸಸಾರಜನಕವು ತಾನಾಗಿಯೇ ಒದಗುವುದೆಂದು ಅಂಕಿಗಳಿಂದ ತೋರಿಸಿದರು. 1974ರಲ್ಲಿ ಮೆಕ್ಲಾರೆನ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸಸಾರಜನಕದ ಈ ಭೀತಿಯನ್ನೆಲ್ಲ ಮಹಾವಿಫಲತೆಯೆಂದೇ ಕರೆದರು. ಬೇರೆ ವಿಷಯಗಳಲ್ಲಿ ಪರಸ್ಪರ ಕಟುವಾಗಿ ವಾದಿಸಿದ ಗೋಪಾಲನ್–ಸುಖಾತ್ಮೆಯವರು ಶಕ್ತಿಯ ಕೊರತೆಯೇ ಮೂಲವೆಂಬ ಇದೊಂದರಲ್ಲಿ ಒಮ್ಮತಕ್ಕೆ ಬಂದದ್ದು ಸಾಮಾನ್ಯ ಸಂಗತಿಯಲ್ಲ. ಹಸಿದ ದೇಶದ ಸ್ಥಿತಿಗೆ ಅವರ ನಿರ್ಣಯವು ಸತ್ಯವಾಗಿಯೇ ಇತ್ತು.

ಆದರೆ ಆ ನಿರ್ಣಯವನ್ನು ಇಂದಿಗೂ, ಕುಳಿತು ಕೆಲಸಮಾಡುವ ಜನರಿಗೂ, ಅದೇ ಮಾತುಗಳಲ್ಲಿ ಉಪದೇಶಿಸುವವರನ್ನು ನಾನು ಒಪ್ಪಲಾರೆ. ಏತಕ್ಕೆಂಬುದನ್ನು ರಾಗಿಯ ಲೆಕ್ಕದಿಂದಲೇ ನಿವೇದಿಸುತ್ತೇನೆ.

ಅರವತ್ತು ಕಿಲೋ ತೂಕದ ಒಬ್ಬ ರೈತನು ಬೆಳಗಿನಿಂದ ಬೈಗಿನವರೆಗೆ ಗದ್ದೆಯಲ್ಲಿ ದುಡಿದು ದಿನಕ್ಕೆ 600 ಗ್ರಾಂ ರಾಗಿಹಿಟ್ಟಿನ ಮುದ್ದೆಯನ್ನು ಉಣ್ಣುತ್ತಾನೆಂದು ಇಟ್ಟುಕೊಳ್ಳೋಣ. ಅದರಿಂದ ಅವನಿಗೆ ಸುಮಾರು 43 ಗ್ರಾಂ ಸಸಾರಜನಕವೂ ಅದರಲ್ಲಿ 1200 ಮಿಲಿಗ್ರಾಂ ಲೈಸೀನೂ ದೊರೆಯುತ್ತವೆ. ಅವನಿಗೆ ಬೇಕಾದದ್ದು ತೂಕದ ಕಿಲೋಗೆ 30 ಮಿಲಿಗ್ರಾಮಿನಂತೆ 1800. ಉಳಿದ 600ನ್ನು 40 ಗ್ರಾಂ ತೊಗರಿಬೇಳೆ ತುಂಬಿಕೊಡುತ್ತದೆ. ಹದಿನೈದು ಪಾಲು ರಾಗಿಗೆ ಒಂದು ಪಾಲು ಬೇಳೆ: ಸುಖಾತ್ಮೆಯವರು ಹೇಳಿದಂತೆ ಹೊಟ್ಟೆ ತುಂಬಿದರೆ ಎಲ್ಲವೂ ತುಂಬಿದಂತೆಯೇ. ಈಗ ಅದೇ ರೈತನ ಮಗ, ಅದೇ ಅರವತ್ತು ಕಿಲೋ ತೂಕದವನು, ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ದುಡಿಯುತ್ತಾನೆ. ಅವನ ದೇಹವು ತಾಳಿಕೊಳ್ಳುವ ರಾಗಿ 250 ಗ್ರಾಂ ಮಾತ್ರ. ಅದರಿಂದ ಬರುವ ಸಸಾರಜನಕ 18 ಗ್ರಾಂ, ಲೈಸೀನು 500 ಮಿಲಿಗ್ರಾಂ. ದುಡಿಮೆ ತಗ್ಗಿತೆಂದು ಲೈಸೀನಿನ ಅವಶ್ಯಕತೆಯೇನೂ ತಗ್ಗುವುದಿಲ್ಲ. ಅದು ಶರೀರದ ತೂಕವನ್ನು ಅನುಸರಿಸುತ್ತದೆಯೇ ಹೊರತು ಬೆವರನ್ನಲ್ಲ. ಕೊರತೆ 1300 ಮಿಲಿಗ್ರಾಂ; ಅದನ್ನು ತುಂಬಲು 85 ಗ್ರಾಂ ಬೇಳೆ ಬೇಕು. ಹದಿನೈದಕ್ಕೆ ಒಂದಾಗಿದ್ದ ಪ್ರಮಾಣವು ಮೂರಕ್ಕೆ ಒಂದಾಯಿತು. ನಮ್ಮ ಸಂಶೋಧನಾ ಮಂಡಳಿಯವರು ಧಾನ್ಯ, ಬೇಳೆ, ಹಾಲುಗಳನ್ನು 3:1:2.5ರಂತೆ ಬಳಸಬೇಕೆಂದು ಸೂಚಿಸಿರುವುದರ ಮರ್ಮ ಇಲ್ಲಿಯೇ ಇದೆ. ಜೀರ್ಣವಾಗದೆ ಹೋಗುವ ಅಂಶವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲವಾದುದರಿಂದಲೂ, ಮೂವತ್ತು ಎಂಬುದು ಸರಾಸರಿ ಸಂಖ್ಯೆಯಾದುದರಿಂದಲೂ, ಈ ಬೇಳೆಯ ಪ್ರಮಾಣವನ್ನು ಕನಿಷ್ಠವೆಂದೇ ಭಾವಿಸತಕ್ಕದ್ದು.

ಈ ಮೂವತ್ತು ಎಂಬ ಸಂಖ್ಯೆಯ ಹಿಂದೆಯೂ ಒಂದು ಇತಿಹಾಸವಿದೆ. ಅದು ನನ್ನ ವಾದಕ್ಕೆ ಬಲವಾದ ಸಾಕ್ಷಿ. ಇಲಿನಾಯ್ ವಿಶ್ವವಿದ್ಯಾನಿಲಯದ ಡಬ್ಲ್ಯು. ಸಿ. ರೋಸ್ ಅವರು ತರುಣ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಸಿದ್ಧ ಪ್ರಯೋಗಗಳಿಂದ ದಿನಕ್ಕೆ 800 ಮಿಲಿಗ್ರಾಂ ಲೈಸೀನು ಸಾಕೆಂದು ನಿರ್ಣಯಿಸಿದರು. ಅಂತರರಾಷ್ಟ್ರೀಯ ತಜ್ಞಸಮಿತಿಯ 1985ರ ವರದಿಯಲ್ಲಿ ವಯಸ್ಕರಿಗೆ ಗೊತ್ತುಮಾಡಿದ್ದೂ ಕಿಲೋಗೆ 12 ಮಿಲಿಗ್ರಾಂ ಮಾತ್ರವೇ. ಆದರೆ ರೋಸ್ ಅವರ ವಿದ್ಯಾರ್ಥಿಗಳಿಗೆ ಉಣಿಸಿದ ಶಕ್ತಿಯು ಅಗತ್ಯಕ್ಕಿಂತ ಬಹಳ ಅಧಿಕವಾಗಿತ್ತು. ಶಕ್ತಿಯು ಉಕ್ಕಿ ಹರಿಯುವಾಗ ದೇಹವು ಸಸಾರಜನಕವನ್ನು ಮಿತವ್ಯಯದಿಂದ ಬಳಸುತ್ತದೆಂಬುದು ಪೋಷಣಶಾಸ್ತ್ರದಲ್ಲಿ ಸಿದ್ಧವಾದ ಮಾತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಅವರೂ, ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವರ್ನನ್ ಯಂಗ್ ಅವರೂ ಕೂಡಿ, ಇಂಗಾಲದ ಭಾರವಾದ ಐಸೊಟೋಪಿನ ಗುರುತುಳ್ಳ ಲ್ಯೂಸೀನೆಂಬ ಇನ್ನೊಂದು ಅಮೈನೋ ಆಮ್ಲವನ್ನು ಭಾರತೀಯ ತರುಣರಿಗೆ ಕೊಟ್ಟು, ಇಪ್ಪತ್ತನಾಲ್ಕು ಗಂಟೆಗಳ ಕಾಲ ಅವರ ನಿಶ್ವಾಸದಲ್ಲಿ ಹೊರಬೀಳುವ ಗುರುತಿನ ಇಂಗಾಲವನ್ನು ಅಳೆದು, ಲೈಸೀನಿನ ನಿಜವಾದ ಅವಶ್ಯಕತೆಯು ಕಿಲೋಗೆ 30ರ ಸಮೀಪವೆಂದು ಕಂಡುಕೊಂಡರು. ಹಳೆಯ ಅಳತೆಯ ಎರಡೂವರೆ ಪಟ್ಟು! ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯು ಈ ಸಂಖ್ಯೆಯನ್ನೇ ಅಂಗೀಕರಿಸಿತು. ಧಾನ್ಯವನ್ನು ಮುಖ್ಯಾಧಾರವಾಗಿ ನೆಚ್ಚಿದ ದೇಶವೊಂದರ ಪ್ರಯೋಗಾಲಯವು ಲೋಕದ ಅಳತೆಗೋಲನ್ನು ತಿದ್ದಿತೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ; ನಮ್ಮ ಶಾಲಾಪುಸ್ತಕಗಳಲ್ಲಿ ಇದಕ್ಕೆ ಸ್ಥಳ ದೊರೆತಿಲ್ಲವೆಂಬುದು ನನಗೆ ನೋವಿನ ವಿಷಯ.

ಇನ್ನು ಅಡಿಗೆಮನೆಗೆ ಬರೋಣ. ಹಳೆಯ ಮೈಸೂರಿನ ಬಸ್ಸಾರನ್ನು ಗಮನಿಸಿರಿ. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಪಾತ್ರೆಯ ಬಾಯಿಗೆ ತಟ್ಟೆಯನ್ನು ಅಡ್ಡವಿಟ್ಟು ಬಸಿದಾಗ, ಕಟ್ಟು ಒಂದು ಕಡೆಗೂ ಕಾಳು–ಸೊಪ್ಪು ಇನ್ನೊಂದು ಕಡೆಗೂ ಆಗುತ್ತವೆ. ಬೆಂದ ಕಾಳಿನಲ್ಲಿ ಒಂದು ಹಿಡಿಯಷ್ಟನ್ನು ಖಾರದೊಡನೆ ರುಬ್ಬಿ ಕಟ್ಟಿಗೆ ಸೇರಿಸಿದರೆ ಸಾರು. ಉಳಿದದ್ದು ಒಗ್ಗರಣೆಗೆ ಬಿದ್ದು ಪಲ್ಯ. ಸಾರಿನ ಘಮವೆಲ್ಲ ಕಟ್ಟಿನಲ್ಲಿ, ಸಸಾರಜನಕದ ಬಹುಪಾಲು ಪಲ್ಯದಲ್ಲಿ. ಪಂಕ್ತಿಯಲ್ಲಿ ಮುದ್ದೆ ಮುಗಿಯುವ ಮೊದಲು ಸಾರು ಎರಡು ಬಾರಿ, ಮೂರು ಬಾರಿ ಸುತ್ತು ಬರುತ್ತದೆ. ಪಲ್ಯವು ಮುದ್ದೆಯ ಮಗ್ಗುಲಲ್ಲಿ ಒಂದು ಚಮಚದಷ್ಟು ಕುಳಿತು, ಮರಳಿ ಬಡಿಸಲ್ಪಡುವುದಿಲ್ಲ. ಐವರ ಮನೆಯಲ್ಲಿ ಹೊತ್ತಿಗೆ ನೂರು ಗ್ರಾಂ ಕಾಳು ಬೆಂದರೆ ತಲೆಗೆ ಇಪ್ಪತ್ತು, ಎರಡು ಹೊತ್ತಿಗೆ ನಲವತ್ತು ಗ್ರಾಂ ಆಗುತ್ತದೆ. ನಾನು ಮೇಲೆ ಲೆಕ್ಕ ಹಾಕಿದ, ಗದ್ದೆಯಲ್ಲಿ ದುಡಿಯುವವನ ಪ್ರಮಾಣ ಇದೇ! ನಮ್ಮ ತಾಯಂದಿರ ಅಳತೆ ಜಿಪುಣತನದಿಂದ ಹುಟ್ಟಿದ್ದಲ್ಲ; ನೇಗಿಲಿನ ಕಾಲದ ದುಡಿಮೆಗೆ ಅದು ಒಪ್ಪುವಂಥದಾಗಿತ್ತು. ನೇಗಿಲು ಹೋಯಿತು, ಅಳತೆ ಉಳಿಯಿತು.

ಇದಕ್ಕೆ ಪರಿಹಾರವಾಗಿ ಎರಡು ಕಡೆಗಳಿಂದ ಬರುತ್ತಿರುವ ಉಪದೇಶಗಳೆರಡೂ ನನಗೆ ಸಮ್ಮತವಲ್ಲ. ಮೊದಲನೆಯದು, ಉಣ್ಣುವುದನ್ನೆಲ್ಲ ಹಾಗೆಯೇ ಉಳಿಸಿಕೊಂಡು ಮೇಲಿಂದ ಬೇಳೆಯನ್ನು ಹೆಚ್ಚಿಸಿರಿ ಎನ್ನುವವರದು. ನೂರು ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಸಸಾರಜನಕದ ಜೊತೆಗೆ 55 ಗ್ರಾಮಿನಷ್ಟು ಪಿಷ್ಟವೂ ಇದೆಯೆಂಬುದನ್ನು ಇವರು ಮರೆಯುತ್ತಾರೆ. ಮುದ್ದೆಯನ್ನು ತಗ್ಗಿಸದೆ ಬೇಳೆಯನ್ನು ಏರಿಸಿದವನು ಪಿಷ್ಟದ ಭಾರವನ್ನೇ ಏರಿಸಿಕೊಳ್ಳುತ್ತಾನೆ. ಮಧುಮೇಹವು ಮನೆಮನೆಯನ್ನು ಹೊಕ್ಕಿರುವ ಈ ಕಾಲದಲ್ಲಿ ಇದು ಲಘುವಾದ ದೋಷವಲ್ಲ. ಎರಡನೆಯದು, 18,090 ಜನರ ಆಹಾರವನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ತಜ್ಞರದು. ಹೊಸದಾಗಿ ಮಧುಮೇಹಕ್ಕೆ ಒಳಗಾದವರು ಪಿಷ್ಟವನ್ನು ಒಟ್ಟು ಶಕ್ತಿಯ ನೂರಕ್ಕೆ 49–54ಕ್ಕೆ ಇಳಿಸಿ, ಸಸಾರಜನಕವನ್ನು 19–20ಕ್ಕೆ ಏರಿಸಬೇಕೆಂದು ಅವರ ಸೂಚನೆ. ಪಿಷ್ಟವನ್ನು ಇಳಿಸಬೇಕೆಂಬ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಎರಡು ಸಾವಿರ ಕಿಲೋಕ್ಯಾಲರಿಯ ಊಟದಲ್ಲಿ ನೂರಕ್ಕೆ ಇಪ್ಪತ್ತೆಂದರೆ 100 ಗ್ರಾಂ ಸಸಾರಜನಕ. ಅದನ್ನು ಬೇಳೆಯೊಂದರಿಂದಲೇ ಪಡೆಯಬೇಕಾದರೆ 450 ಗ್ರಾಂ ಬೇಳೆಯನ್ನು ಬೇಯಿಸಬೇಕು. ಅಷ್ಟರಲ್ಲಿಯೇ ಒಂದೂವರೆ ಸಾವಿರ ಕಿಲೋಕ್ಯಾಲರಿ ತುಂಬಿ, ಮುದ್ದೆಗಾಗಲಿ ಅನ್ನಕ್ಕಾಗಲಿ ತಟ್ಟೆಯಲ್ಲಿ ಹೆಚ್ಚು ಎಡೆ ಉಳಿಯದು. ಸೋಯಾವನ್ನೋ ಧಾರಾಳವಾಗಿ ಹಾಲನ್ನೋ ಸೇರಿಸದೆ ಸಸ್ಯಾಹಾರಿಯು ಈ ಗುರಿಯನ್ನು ಮುಟ್ಟಲಾರ. ಅದೂ ಅಲ್ಲದೆ, ಈ ಪ್ರಮಾಣಗಳು ಜನರ ಆಹಾರ ಸಮೀಕ್ಷೆಯಿಂದ ಗಣಿತದ ಮೂಲಕ ಹೊರಟವು. ಜನರಿಗೆ ಉಣಿಸಿ ಪರೀಕ್ಷಿಸಿ ಪಡೆದವಲ್ಲ. ದಿಕ್ಕನ್ನು ತೋರಿಸುವ ಕೈಕಂಬವನ್ನು ತಲುಪಬೇಕಾದ ಊರೆಂದು ಸಾರುವುದು ಸರಿಯಲ್ಲ. ಈ ಅಂಕಿಯನ್ನೇ ಮುಂದೊಡ್ಡಿ ಪುಡಿಯ ಡಬ್ಬಿಗಳನ್ನು ಮಾರುವವರ ವಿಷಯದಲ್ಲಂತೂ ನನ್ನ ಆಕ್ಷೇಪ ಇನ್ನೂ ತೀವ್ರವಾದದ್ದು.

ನನ್ನ ಪಕ್ಷವಿಷ್ಟು: ಧಾನ್ಯವನ್ನು ದುಡಿಮೆಗೆ ತಕ್ಕಂತೆ ತಗ್ಗಿಸಿ, ತಗ್ಗಿಸಿದ ಸ್ಥಳದಲ್ಲಿ ಕಾಳನ್ನು ಕೂರಿಸಬೇಕು. ಇದಕ್ಕೆ ಹೊಸ ಪಾಕಶಾಸ್ತ್ರವೇನೂ ಬೇಡ. ಅಕ್ಕಿಗೆ ಸಮನಾಗಿ ಬೇಳೆಯನ್ನು ಸುರಿಯುವ ಬಿಸಿಬೇಳೆಭಾತು, ಬೇಳೆಯನ್ನೇ ನುಚ್ಚಾಗಿಸಿ ಹಬೆಯಲ್ಲಿ ಬೇಯಿಸಿದ ನುಚ್ಚಿನುಂಡೆ, ರಾಮನವಮಿಯ ಕೋಸಂಬರಿ, ನವರಾತ್ರಿಯ ಉಸಲಿ, ಉತ್ತರದ ಜೋಳದ ರೊಟ್ಟಿಯ ಜೊತೆಗಿನ ಝುಣಕ, ಇವೆಲ್ಲ ನಮ್ಮಲ್ಲಿಯೇ ಇವೆ. ಹಬ್ಬಕ್ಕೆ ಮೀಸಲಾದದ್ದನ್ನು ವಾರಕ್ಕೆ ತರಬೇಕಷ್ಟೆ. ಬಸ್ಸಾರಿನ ದಿನ ಪಲ್ಯವನ್ನು ಎರಡನೆಯ ಬಾರಿಯೂ ಬಡಿಸಲಿ. ನಮ್ಮ ದತ್ತಿಪುರುಷರು ತಮ್ಮ ಚೀಟಿಗಳಲ್ಲಿ ‘ಸಾರು ಗಟ್ಟಿಯಾಗಿರಲಿ’ ಎಂದು ಬರೆಯುತ್ತಿದ್ದರೆಂದು ಅವರ ಕುಟುಂಬದವರಿಂದ ಕೇಳಿ, ಅವರ ವೈದ್ಯದೃಷ್ಟಿಗೆ ಮನಸ್ಸಿನಲ್ಲಿಯೇ ನಮಸ್ಕರಿಸಿದೆನು.

ಕೊನೆಯದಾಗಿ ವೃದ್ಧರ ವಿಚಾರ. ನನ್ನ ಲೆಕ್ಕವು ಅತ್ಯಂತ ಕಠೋರವಾಗಿ ಅನ್ವಯಿಸುವುದು ಅವರಿಗೆ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಧಾನ್ಯವನ್ನು ಉಣ್ಣುವವರು ಅವರು. ಆದುದರಿಂದ ಬೇಳೆಯ ಪಾಲು ಎಲ್ಲರಿಗಿಂತ ಹೆಚ್ಚಾಗಿರಬೇಕಾದದ್ದೂ ಅವರಿಗೇ. ನಾವು ಮಾಡುತ್ತಿರುವುದು ಇದರ ವಿಪರ್ಯಯ: ಹಲ್ಲಿಲ್ಲ, ಜೀರ್ಣವಿಲ್ಲ ಎಂಬ ಕಕ್ಕುಲತೆಯಿಂದ ಅಜ್ಜಿಗೆ ಮೆತ್ತನೆಯ ಅನ್ನ, ಮೇಲೆ ತಿಳಿಸಾರು, ಕೊನೆಗೆ ನೀರುಮಜ್ಜಿಗೆ. ನಲವತ್ತೈದು ಕಿಲೋ ತೂಕದ ಮುದುಕಿಗೆ ದಿನಕ್ಕೆ 1350 ಮಿಲಿಗ್ರಾಂ ಲೈಸೀನು ಬೇಕು. ಅವಳು ಉಣ್ಣುವ 150 ಗ್ರಾಂ ಅಕ್ಕಿಯಿಂದ ದೊರೆಯುವುದು 440. ಸಿಪ್ಪೆ ತೆಗೆದ ಹೆಸರುಬೇಳೆಯನ್ನೋ ತೊಗರಿಬೇಳೆಯನ್ನೋ 30 ಗ್ರಾಂ, ಅನ್ನದೊಡನೆಯೇ ಹುಗ್ಗಿಯಾಗಿ ಬೇಯಿಸಿ, ಮಜ್ಜಿಗೆಯ ಬದಲಿಗೆ 200 ಮಿಲಿಲೀಟರ್ ಗಟ್ಟಿ ಮೊಸರನ್ನು ಕೊಟ್ಟರೆ ಆ ಲೆಕ್ಕ ತುಂಬುತ್ತದೆ. ಮೊಸರನ್ನು ಬಿಟ್ಟವರ ಮನೆಯಲ್ಲಿ ಬೇಳೆಯನ್ನು 60 ಗ್ರಾಮಿಗೆ ಏರಿಸಬೇಕು. ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿದ ಬೇಳೆಯನ್ನು ಅವರ ಜಠರವು ತಾಳಿಕೊಳ್ಳುವುದು ಕಷ್ಟವಲ್ಲ. ಪಾತ್ರೆಯಿಂದ ಮೊದಲನೆಯ ಸೌಟನ್ನು ಅವರಿಗೇ, ತಳದವರೆಗೆ ಕಲಕಿ, ಬಡಿಸಿರಿ.