ಮುಪ್ಪಿನಲ್ಲಿ ದೊರೆತ ಮನೆ

ನೆದರ್‌ಲ್ಯಾಂಡ್ಸಿನ ಉತ್ತರದಂಚಿನಲ್ಲಿ, ಕಡಲಿಗೆ ಏರಿ ಕಟ್ಟಿ ಉಳಿಸಿಕೊಂಡ ತಗ್ಗು ನೆಲದ ಮೇಲೆ, ಫ್ರೀಸ್‌ಲ್ಯಾಂಡ್ ಎಂಬ ನಾಡೊಂದುಂಟು. ಅಲ್ಲಿ ಹುಟ್ಟಿ, ಅರವತ್ತರ ಹತ್ತಿರದಲ್ಲಿ ಪರದೇಶದಲ್ಲಿ ಸೂರು ಕಂಡ ಮೆನ್ನೊ ಸೀಮನ್ಸನ ಕೊನೆಗಾಲವನ್ನು ಕುರಿತು ನಾವು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಮೆನ್ನೊನೈಟರೆಂಬ ಕ್ರೈಸ್ತ ಪಂಗಡಕ್ಕೆ ಹೆಸರು ಬಂದುದು ಈತನಿಂದಲೇ. ಅವರು ಈತನನ್ನು ತಮ್ಮ ಹಿರಿಯನೆಂದು ಎಣಿಸುತ್ತಾರೆ.

ಮೆನ್ನೊ 1496ರಲ್ಲಿ ವಿಟ್ಮಾರ್ಸುಮ್ ಎಂಬ ಹಳ್ಳಿಯಲ್ಲಿ ಜನಿಸಿ, 1524ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದನು. 1531ರಲ್ಲಿ ಲೇವಾರ್ಡನ್ ಪಟ್ಟಣದಲ್ಲಿ ಒಬ್ಬ ದರ್ಜಿಯ ತಲೆಯನ್ನು ಕಡಿಸಿದರು. ಪ್ರಾಯಕ್ಕೆ ಬಂದ ಮೇಲೆ ಎರಡನೆಯ ಸಲ ದೀಕ್ಷಾಸ್ನಾನ ಪಡೆದುದೇ ಆ ದರ್ಜಿಯ ಅಪರಾಧ. ಸುದ್ದಿ ಕೇಳಿ ಬೆರಗಾದ ಮೆನ್ನೊ ಬೈಬಲ್ಲನ್ನು ಶೋಧಿಸಿ ನೋಡಿದನು. ಹಸುಳೆಗಳಿಗೆ ದೀಕ್ಷೆ ಕೊಡಬೇಕೆಂಬ ವಿಧಿ ಆತನಿಗೆ ಎಲ್ಲಿಯೂ ಕಾಣಲಿಲ್ಲ. ಆದರೂ ಇನ್ನು ಐದು ವರ್ಷ ಹುದ್ದೆಯನ್ನು ಬಿಡಲಿಲ್ಲ. 1536ರ ಜನವರಿಯಲ್ಲಿ ಅದನ್ನು ತೊರೆದು, ಕತ್ತಿ ಹಿಡಿಯಬಾರದೆಂದು ಬೋಧಿಸುವ ಸಣ್ಣ ಗುಂಪಿನ ಮುಖಂಡನಾದನು.

ಅಲ್ಲಿಂದ ಮುಂದೆ ಆತನಿಗೆ ನೆರಳು ಕೊಟ್ಟವರಿಗೂ ನೆಮ್ಮದಿಯಿಲ್ಲವಾಯಿತು. 1539ರಲ್ಲಿ, ಆತನಿಗೆ ಮನೆಯಲ್ಲಿ ಇಂಬು ಕೊಟ್ಟ ಒಬ್ಬ ಒಕ್ಕಲಿಗನನ್ನು ಕೊಂದರು. 1542ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಆಡಳಿತ ಮೆನ್ನೊನ ತಲೆಗೆ 100 ಗಿಲ್ಡರುಗಳ ಬಹುಮಾನ ಸಾರಿತು. ಹೆಂಡತಿ ಮಕ್ಕಳನ್ನು ಆರು ತಿಂಗಳಾದರೂ ನಿರ್ಭಯವಾಗಿ ಇಡಲು ಒಂದು ಗುಡಿಸಲೂ ಸಿಕ್ಕದೆಂದು ಆತನು ಬರೆದುಕೊಂಡಿದ್ದಾನೆ. ಎಂಡೆನ್, ಕೊಲೋನ್, ವಿಸ್ಮಾರ್ ಹೀಗೆ ಅಲೆದು, 1554ರಲ್ಲಿ ವಿಸ್ಮಾರನ್ನೂ ಬಿಡಬೇಕಾಯಿತು. ಆಗ ವಯಸ್ಸು 58. ಕಾಲು ಕುಂಟಾಗಿ ಊರುಗೋಲಿಲ್ಲದೆ ನಡೆಯಲಾರದ ಸ್ಥಿತಿ.

ಆಗ ದೊರೆತುದು ಹೋಲ್‌ಸ್ಟೈನ್ ಸೀಮೆಯ ವ್ಯೂಸ್ಟೆನ್‌ಫೆಲ್ಡೆ ಎಂಬ ಹಳ್ಳಿ. ಅದರ ಒಡೆಯ ಬಾರ್ತೊಲೊಮೇಯಸ್ ಫೊನ್ ಆಲೆಫೆಲ್ಟ್. ಈ ಜಮೀನುದಾರನು ಹಿಂದೆ ನೆದರ್‌ಲ್ಯಾಂಡ್ಸಿನಲ್ಲಿ ಸೈನ್ಯದಲ್ಲಿದ್ದಾಗ ಈ ಪಂಗಡದವರ ವಧೆಯನ್ನು ಕಣ್ಣಾರೆ ಕಂಡು ಮನ ಕರಗಿದನೆಂದು ಹೇಳುವರು. ಕೊಲ್ಲುವವರು ಹೆದರಿಸಲೆಂದು ಏರ್ಪಡಿಸಿದ ನೋಟ ಅವರ ಕಡೆಯ ಸೈನಿಕನಲ್ಲಿಯೇ ದಯೆ ಹುಟ್ಟಿಸಿತು! ಅಲ್ಲಿ ಮೆನ್ನೊ ಅಚ್ಚುಕೂಟವನ್ನು ಇಡಿಸಿ, ತನ್ನ ಹಳೆಯ ಗ್ರಂಥಗಳನ್ನು ತಿದ್ದಿ ಮತ್ತೆ ಮುದ್ರಿಸಿದನು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಸೊಗಸಾಗಿಯೇ ಮುಗಿದೀತು. ಆದರೆ ಉಳಿದುದನ್ನು ಮರೆಮಾಚುವುದು ನಮಗೆ ಸರಿದೋರದು. ತಪ್ಪು ನಡೆದವರಿಗೆ ಆ ಪಂಗಡದಲ್ಲಿ ಬಹಿಷ್ಕಾರವಿತ್ತು. ಬಹಿಷ್ಕೃತನೊಡನೆ ಊಟವಿಲ್ಲ, ವ್ಯವಹಾರವಿಲ್ಲ. ಗಂಡನಿಗೆ ಬಹಿಷ್ಕಾರವಾದರೆ ಹೆಂಡತಿಯೂ ಅವನನ್ನು ದೂರವಿಡಬೇಕೇ? ಎಂಡೆನ್ ಪಟ್ಟಣದ ಒಬ್ಬ ಗೃಹಿಣಿ, ತಾನು ಹಾಗೆ ಮಾಡಲೊಲ್ಲೆನೆಂದಳು. ಅವಳನ್ನೂ ಹೊರಗಿಡಬೇಕೆಂದು ಕಟ್ಟುನಿಟ್ಟಿನ ಹಿರಿಯರು ಹಟ ಹಿಡಿದರು. 1556ರಲ್ಲಿ ಮೆನ್ನೊ ಅವಳ ಪರವಾಗಿ ಪತ್ರ ಬರೆದನು. ಮರುವರ್ಷವೇ ಹಿರಿಯರ ಒತ್ತಾಯಕ್ಕೆ ಮಣಿದು ಕಠಿನಪಕ್ಷವನ್ನು ಸೇರಿದನು. ಸಂಘ ಒಡೆದೀತೆಂಬ ಭಯ ಅದಕ್ಕೆ ಕಾರಣವಿದ್ದೀತು. ಆದರೂ ತನ್ನ ಸಂಸಾರಕ್ಕೆ ಗುಡಿಸಲೊಂದಕ್ಕಾಗಿ ಹಂಬಲಿಸಿದವನು ಅನ್ಯರ ಸಂಸಾರವನ್ನು ಒಡೆಯುವ ನಿಯಮಕ್ಕೆ ಒಪ್ಪಿದುದನ್ನು ನಾವು ಮೆಚ್ಚಲಾರೆವು. ಎಂಡೆನ್ನಿನ ಆ ಹೆಂಗಸೇ ಇಲ್ಲಿ ಆತನಿಗಿಂತ ದಿಟ್ಟೆ. ಅಷ್ಟಾಗಿಯೂ ಸಂಘ ಒಡೆಯದಿರಲಿಲ್ಲ.

ಹೆಂಡತಿ ಆತನಿಗಿಂತ ಮೊದಲೇ ತೀರಿಕೊಂಡಿದ್ದಳು. 1561ರ ಜನವರಿ 31ರಂದು ಆತನೂ ಕಾಲವಾಗಿ, ತನ್ನ ಹಿತ್ತಿಲಲ್ಲಿಯೇ ಸಮಾಧಿಯಾದನು. ಮೂವತ್ತು ವರ್ಷಗಳ ಯುದ್ಧದಲ್ಲಿ ವ್ಯೂಸ್ಟೆನ್‌ಫೆಲ್ಡೆ ಹಾಳಾಗಿ, ಸಮಾಧಿಯ ಗುರುತೂ ಅಳಿಯಿತು. ಬಾಟ್ ಓಲ್ಡೆಸ್ಲೋ ಪಟ್ಟಣದ ಬಳಿ ಆತನ ಹೆಸರಿನ ಒಂದು ಸಣ್ಣ ಮನೆಯೂ, ಆತನೇ ನೆಟ್ಟುದೆಂದು ಜನ ಹೇಳುವ ಒಂದು ಲಿಂಡೆನ್ ಮರವೂ ಇವೆ.