ಲಸಿಕೆ ಪಡೆದವರಿಗೂ ನ್ಯುಮೋನಿಯಾ ಏಕೆ?

(ಮಧುಗಿರಿಯಲ್ಲಿ ನಡೆದ ಶರಣರ ಸಭೆಯಲ್ಲಿ ಮಾಡಿದ ಉಪನ್ಯಾಸ, ಆಗಸ್ಟ್ 2022)

 

ನಾನು ವೈದ್ಯನಲ್ಲ. ಕೆರೆಕಟ್ಟೆ, ರಸ್ತೆಗಳ ಲೆಕ್ಕ ಹಾಕಿ ನಿವೃತ್ತನಾದ ಸರ್ಕಾರಿ ಎಂಜಿನಿಯರ್. ಆದರೂ ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ಹೋದ ಹಳ್ಳಿಯಲ್ಲೆಲ್ಲ ಒಂದೇ ಮಾತು: "ಎರಡು ಡೋಸ್ ಹಾಕಿಸಿಕೊಂಡೋರಿಗೂ ಕೊರೊನಾ ಬಂತು, ನ್ಯುಮೋನಿಯಾ ಆಯ್ತು. ಇನ್ನು ಮೂರನೇದು ಯಾಕೆ ಸ್ವಾಮಿ?" ಇದಕ್ಕೆ ಉತ್ತರ ಹೇಳದೆ ಬಿಟ್ಟರೆ ನಮ್ಮ ಹಿರಿಯರ ಜೀವಕ್ಕೇ ಕುತ್ತು.

ಮೊದಲು ಲೆಕ್ಕ ನೋಡೋಣ. ಉದಾಹರಣೆಗೆ, ಒಂದು ಊರಲ್ಲಿ ಸಾವಿರ ಜನ ಎಂದುಕೊಳ್ಳಿ. 900 ಮಂದಿ ಲಸಿಕೆ ಪಡೆದವರು, 100 ಮಂದಿ ಪಡೆಯದವರು. ಎರಡೂ ಕಡೆಯಿಂದ 9 ಮಂದಿಯಂತೆ ಆಸ್ಪತ್ರೆ ಸೇರಿದರು. ಮೇಲ್ನೋಟಕ್ಕೆ ಸಮ ಸಮ. ಆದರೆ ಪಡೆದವರಲ್ಲಿ ಅದು ನೂರಕ್ಕೆ ಒಬ್ಬರು, ಪಡೆಯದವರಲ್ಲಿ ನೂರಕ್ಕೆ ಒಂಬತ್ತು ಮಂದಿ. ಬಹುಪಾಲು ಜನ ಲಸಿಕೆ ಪಡೆದ ಊರಿನಲ್ಲಿ ಕಾಯಿಲೆ ಬಿದ್ದವರಲ್ಲೂ ಅವರೇ ಹೆಚ್ಚು ಕಾಣುವುದು ಸಹಜ.

ಹಾಗಾದರೆ ಲಸಿಕೆ ಪಡೆದವರಲ್ಲಿ ಯಾರಿಗೆ ಅಪಾಯ? ಅಮೆರಿಕದಲ್ಲಿ 2020ರ ಡಿಸೆಂಬರ್‌ನಿಂದ 2021ರ ಅಕ್ಟೋಬರ್‌ವರೆಗೆ ಲಸಿಕೆ ಪೂರ್ಣಗೊಳಿಸಿದ 12 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದರು. ಕೋವಿಡ್ ತೀವ್ರವಾದದ್ದು 189 ಮಂದಿಗೆ, ತೀರಿಕೊಂಡವರು 36. ಆ 189 ಮಂದಿಯಲ್ಲಿ ಪ್ರತಿಯೊಬ್ಬರಿಗೂ ಈ ಎಂಟರಲ್ಲಿ ಒಂದಾದರೂ ಇತ್ತು: 65 ಮುಟ್ಟಿದ ವಯಸ್ಸು, ಕುಂದಿದ ರೋಗನಿರೋಧಕ ಶಕ್ತಿ, ಸಕ್ಕರೆ ಕಾಯಿಲೆ, ಇಲ್ಲವೇ ಶ್ವಾಸಕೋಶ, ಹೃದಯ, ಮೂತ್ರಪಿಂಡ, ಯಕೃತ್ತು, ನರಗಳ ಹಳೆಯ ಕಾಯಿಲೆ. ತೀರಿಕೊಂಡ 36ರಲ್ಲಿ 28 ಮಂದಿಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದವು. ಇದು ಒಮಿಕ್ರಾನ್‌ಗೆ ಮುಂಚಿನ ಲೆಕ್ಕ, ಅಲ್ಲಿನ ಲಸಿಕೆಗಳೂ ಬೇರೆ. ಆದರೆ ಅಪಾಯದ ಪಟ್ಟಿ ನಮಗೂ ಅದೇ.

ಲಸಿಕೆ ತಾನೇ ವೈರಾಣುವನ್ನು ಕೊಲ್ಲುವುದಿಲ್ಲ, ಕೊಲ್ಲುವುದನ್ನು ದೇಹಕ್ಕೆ ಕಲಿಸುತ್ತದೆ. ಮೂತ್ರಪಿಂಡ ಕಸಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಹುಕಾಲ ಸ್ಟೀರಾಯ್ಡ್ ನುಂಗುವವರ ದೇಹ ಆ ಪಾಠವನ್ನು ಅರ್ಧವಷ್ಟೇ ಕಲಿಯುತ್ತದೆ. ಕಲಿತ ದೇಹದಲ್ಲೂ ತಿಂಗಳುಗಳು ಕಳೆದಂತೆ ಪ್ರತಿಕಾಯಗಳು ಇಳಿಯುತ್ತವೆ. ಕೆರೆಯ ಏರಿ ಒಮ್ಮೆ ಕಟ್ಟಿದರೆ ಮುಗಿಯಲಿಲ್ಲ, ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಗಟ್ಟಿ ಮಾಡಲೇಬೇಕು. ಮೂರನೆಯ ಡೋಸ್ ಆ ಕೆಲಸ ಮಾಡುತ್ತದೆ.

ಇನ್ನು ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಾತು. ಸೌದೆ ಒಲೆಯ ಹೊಗೆ, ಬೀಡಿ, ಜಲ್ಲಿ ಕ್ರಷರ್ ಧೂಳು, ಹಿಂದೆಂದೋ ಬಂದು ಹೋದ ಕ್ಷಯ: ಇವೆಲ್ಲ ಶ್ವಾಸಕೋಶವನ್ನು ಮೊದಲೇ ಸವೆಸಿರುತ್ತವೆ. ಹೊಗೆಯ ಪಾಲು ಹೆಚ್ಚು ಬರುವುದು ಹೆಣ್ಣುಮಕ್ಕಳಿಗೆ. ಆದರೆ ಆಸ್ಪತ್ರೆಗೆ ಕೊನೆಗೆ ಹೋಗುವವರೂ ಅವರೇ. ಅಜ್ಜಿಗೆ ಕೆಮ್ಮು ಬಂದರೆ ಕಷಾಯ, ಅಜ್ಜನಿಗೆ ಬಂದರೆ ಕಾರು! ಶರಣರು ಹೆಣ್ಣು ಗಂಡಿಗೆ ಸಮಾನ ಸ್ಥಾನ ಕೊಟ್ಟರು ಎಂದು ವೇದಿಕೆಯಲ್ಲಿ ಹೇಳುವ ನಾವು ಮನೆಯಲ್ಲಿ ಹೀಗೆ ನಡೆದರೆ ಆ ಮಾತಿಗೆ ಬೆಲೆಯೇನು?

ದೂರವೂ ಒಂದು ಅಪಾಯ. ಪಾವಗಡದಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆ ಸುಮಾರು 100 ಕಿ.ಮೀ. ಈ ರೋಗದಲ್ಲಿ ಏದುಸಿರು ಕಾಣುವ ಮೊದಲೇ ರಕ್ತದ ಆಮ್ಲಜನಕ ಇಳಿಯಬಹುದು. "ನಾಳೆ ನೋಡೋಣ" ಎಂದರೆ ಆ ನಾಳೆ ದಾರಿಯಲ್ಲೇ ಕಳೆಯಬಹುದು. 2020ರ ಮಾರ್ಚ್ 27ರಂದು ನಮ್ಮ ಜಿಲ್ಲೆಯ ಮೊದಲ ಕೊರೊನಾ ಸಾವು ಸಿರಾದ ಹಿರಿಯರೊಬ್ಬರದು. ಆಗ ಲಸಿಕೆ ಇರಲಿಲ್ಲ. ಆಮೇಲೆ ಬಂತು, 2022ರ ಜುಲೈ 15ರಿಂದ 75 ದಿನ 18 ದಾಟಿದವರಿಗೆಲ್ಲ ಮುನ್ನೆಚ್ಚರಿಕೆ ಡೋಸ್ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿತ್ತು. ಎರಡನೆಯ ಡೋಸ್ ಆಗಿ ಆರು ತಿಂಗಳು ಕಳೆದಿದ್ದರೆ ಸಾಕಿತ್ತು.

ಮಾಡಬೇಕಾದದ್ದು ಇಷ್ಟು. ಮನೆಯ ಹಿರಿಯರ ಲಸಿಕೆಯ ದಿನಾಂಕ ನೋಡಿ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿಡಿ. ಹಿಂದಿನಿಂದ ನುಂಗುತ್ತಿರುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬೇಡಿ. ಜ್ವರ, ಕೆಮ್ಮು ಬಂದ ದಿನವೇ ಪರೀಕ್ಷೆ ಮಾಡಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿದರೆ, ಅಥವಾ ನಿಮಿಷಕ್ಕೆ 24ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ವೈದ್ಯರು ಹೇಳದೆ ಸ್ಟೀರಾಯ್ಡ್ ಬೇಡ. ಆಮ್ಲಜನಕದ ಅಗತ್ಯ ಬೀಳದವರಿಗೆ ಅದರಿಂದ ಲಾಭವಿಲ್ಲ, ಸಕ್ಕರೆ ಮಾತ್ರ ಏರುತ್ತದೆ.

ಪೂಜ್ಯರಲ್ಲಿ ಒಂದು ವಿನಂತಿ. ಪ್ರತಿ ಮಠದಲ್ಲೂ ಒಂದು ಆಕ್ಸಿಮೀಟರ್ ಇರಲಿ. ಊರಿನ 60 ದಾಟಿದವರ, ಹಳೆಯ ಕಾಯಿಲೆಯವರ ಪಟ್ಟಿಯೊಂದನ್ನು ಆಶಾ ಕಾರ್ಯಕರ್ತೆಯರ ಜೊತೆ ಕೂಡಿ ಮಾಡಿಸೋಣ. ಯುವಕರು ಅಂಥವರನ್ನು ಲಸಿಕೆ ಕೇಂದ್ರಕ್ಕೆ ಕರೆದೊಯ್ಯಲಿ, ಅದೂ ದಾಸೋಹವೇ. ಹಣೆಬರಹ ಎಂದು ಕೈಕಟ್ಟಿ ಕೂರುವುದು ಶರಣರ ದಾರಿಯಲ್ಲ.