ಗ್ಯಾಸ್‌ಲೈಟಿನ ಮುಳ್ಳು
(ನಮ್ಮ ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ವೇದಿಕೆಯ ಪಕ್ಕದಲ್ಲಿರುವ ಈ ಹಿತ್ತಾಳೆಯ ದೀಪ ನೋಡಿ ಹಲವರಿಗೆ ಊರು ನೆನಪಾಗಿರಬೇಕು. ಬಯಲಾಟದ ರಂಗಸ್ಥಳದಲ್ಲಿ, ಮದುವೆಯ ದಿಬ್ಬಣದಲ್ಲಿ ಬುಸ್ಸೆಂದು ಉರಿಯುತ್ತಿದ್ದ ಗ್ಯಾಸ್‌ಲೈಟು ಇದೇ. ಇದರ ತವರು ಮಾತ್ರ ನಾವು ನೆಲೆಸಿರುವ ಈ ಜರ್ಮನಿ. ಸುಮಾರು 1910ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಗ್ರೆಟ್ಸ್ ಎಂಬುವರು ರೂಪಿಸಿದ ಪೆಟ್ರೋಮ್ಯಾಕ್ಸ್ ಇದು.

ಇಲ್ಲಿಯ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿದ ದೀಪವನ್ನು ಮನೆಗೆ ತಂದು, ಸೀಮೆಎಣ್ಣೆ ತುಂಬಿ ಪಂಪು ಹೊಡೆದೆವು. ಮುಚ್ಚಳದ ಮೇಲಿನ ಗೇಜಿನ ಮುಳ್ಳು ಸೊನ್ನೆಯಿಂದ ಕದಲಲಿಲ್ಲ. ಗಾಳಿ ಸಾಲದೆಂದು ಮತ್ತೂ ಹೊಡೆದೆವು. ಕುಂದಾಪುರದಿಂದ ಬಂದಿದ್ದ ನಮ್ಮ ಮಾವನವರು ಓಡಿಬಂದು ಕೈ ಹಿಡಿದರು. ಗಾಳಿ ಬಿಡುವ ತಿರುಪು ಸಡಿಲಿಸಿದರೆ, ಅಬ್ಬಾ! ಎಷ್ಟು ಹೊತ್ತು ಬುಸುಗುಟ್ಟಿತು! ಒಳಗೆ ಒತ್ತಡ ತುಂಬಿತ್ತು, ಮುಳ್ಳು ಹೇಳುತ್ತಿರಲಿಲ್ಲ. ಹಾಗೆಯೇ ಹಚ್ಚಿದ್ದರೆ ಏನಾಗುತ್ತಿತ್ತೋ!

"ಗೇಜು ಹಾಳಾಗ್ಲಿಲ್ಲ ಮಾರಾಯ್ರೇ, ಗಂಟಲು ಕಟ್ಟಿದೆ ಅಷ್ಟೆ" ಎಂದರು ಮಾವ.

ಇಂಥ ಗೇಜಿನೊಳಗೆ ಬಾಗಿದ ಒಂದು ತೆಳು ಲೋಹದ ಕೊಳವೆ ಇರುತ್ತದೆ. 1849ರಲ್ಲಿ ಫ್ರಾನ್ಸಿನ ಬೂರ್ಡಾನ್ ಕಂಡುಹಿಡಿದ ಉಪಾಯ. ಒತ್ತಡ ಬಂದಾಗ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ, ಮುಳ್ಳು ತಿರುಗುತ್ತದೆ. ವರ್ಷಗಟ್ಟಲೆ ಬಳಸದೆ ಇಟ್ಟರೆ ಎಣ್ಣೆ ಅಂಟಾಗಿ ಅದರ ಸಣ್ಣ ಬಾಯಿಯನ್ನು ಮುಚ್ಚಿಬಿಡುತ್ತದೆ.

ನಾವು ಪಿನ್ನು ತೂರಿಸಲು ಹೊರಟೆವು. ಮಾವ ಬಿಡಲಿಲ್ಲ, ಕೊಳವೆ ತೂತಾದರೆ ಗೇಜು ಮುಗಿದಂತೆಯೇ. ಗಾಳಿಯೆಲ್ಲ ಹೋದ ಮೇಲೆ ಗೇಜನ್ನು ಬಿಚ್ಚಿ, ಶುದ್ಧ ಸೀಮೆಎಣ್ಣೆಯ ಬಟ್ಟಲಲ್ಲಿ ಮೂರು ದಿನ ನೆನೆಹಾಕಿದರು. ದಿನವೂ ಅಲುಗಾಡಿಸಿ ಕಂದು ಕೊಳೆ ಚೆಲ್ಲಿ, ಹೊಸ ಎಣ್ಣೆ ಹಾಕಿದರು. ನಾಲ್ಕನೆಯ ದಿನ ಹೊಸ ವಾಷರ್ ಕೂರಿಸಿ, ದೀಪ ಹಚ್ಚದೆಯೇ ಪಂಪು ಹೊಡೆದು, ಸಂದಿಗೆ ಸೋಪಿನ ನೀರು ಸವರಿದರು. ಗುಳ್ಳೆ ಏಳಲಿಲ್ಲ. ಮುಳ್ಳು ಒಮ್ಮೆ ನಡುಗಿ, ಮೆಲ್ಲಗೆ ಕೆಂಪು ಗೆರೆಯತ್ತ ಏರಿತು. ಗಾಳಿ ಬಿಟ್ಟಾಗ ಸೊನ್ನೆಗೆ ಮರಳಿತು. ಮೂರು ಸಲ ಹೀಗೆ ನೋಡಿದ ನಂತರವೇ, ಮನೆಯ ಹೊರಗೆ ದೀಪ ಹಚ್ಚಿದೆವು. ಮುಳ್ಳು ಮರಳದಿದ್ದರೆ ಬೇರೆ ಗೇಜು ಹಾಕಬೇಕೇ ಹೊರತು ಅಂದಾಜಿನಲ್ಲಿ ಹಚ್ಚಬಾರದೆಂಬುದು ಮಾವನವರ ಕಟ್ಟಪ್ಪಣೆ.

ಮುಳ್ಳು ಮೊದಲ ಸಲ ಎದ್ದಾಗ ಪಕ್ಕದಲ್ಲೇ ಇದ್ದ ನಮ್ಮ ಮಗಳು ಕೂಗಿದಳು: "ಅಜ್ಜಾ, ಮುಳ್ಳು ಬಂತು, ಬಂತು!" ಕನ್ನಡದಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲೇ ಉತ್ತರಿಸುತ್ತಿದ್ದ ಹುಡುಗಿ. ಇವಳಿಗೆ ಕನ್ನಡ ಬರುವುದಿಲ್ಲವೆಂದೇ ನಾವು ತೀರ್ಮಾನಿಸಿದ್ದೆವು. ನೆಂಟರೆದುರು ನಿಲ್ಲಿಸಿ "ಹೇಳು, ಹೇಳು" ಎಂದು ಚುಚ್ಚಿದ್ದೂ ಉಂಟು. ಅಜ್ಜ ಮಾತ್ರ ಮೂರು ದಿನವೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡುತ್ತ ಮಾತಾಡಿದ್ದರು, ಅಷ್ಟೆ.

ಬಂಧುಗಳೇ, ನಮ್ಮ ಮಕ್ಕಳ ಮುಳ್ಳು ಸೊನ್ನೆಯಲ್ಲಿದೆ ಎಂದು ಅವಸರದಲ್ಲಿ ತೀರ್ಮಾನಿಸುವುದು ಬೇಡ. ಪಿನ್ನು ಬಿಡೋಣ, ನೆನೆಹಾಕೋಣ.

ಕಾರ್ಯಕ್ರಮ ಮುಗಿದ ಮೇಲೆ ದೀಪವನ್ನು ಹೊರಗೆ ಅಂಗಳದಲ್ಲಿ ಹಚ್ಚುತ್ತೇವೆ. ಮಕ್ಕಳನ್ನು ಕರೆದುಕೊಂಡು ಬನ್ನಿ.